ಗೊರಬೆಗೊಂದು ಅಂಗಿ

ಅರಬರ ನಾಡಿನ ಅಬ್ಕೈಕ್‌ನಲ್ಲಿ, ಎಣ್ಣೆ ಕಂಪೆನಿಯ ಕ್ಯಾಂಪಿನೊಳಗಿನ ಬೇಸ್‌ಬಾಲ್ ಮೈದಾನದಲ್ಲಿ ಐತನಿಗೆ ಎದುರು ಮಾತಾಡಿದವರು ಇಪ್ಪತ್ತೆರಡು ವರ್ಷದಲ್ಲಿ ಇಬ್ಬರೇ. ಒಬ್ಬ ಅಮೆರಿಕದ ಡಾಕ್ಟರು. ಅವನನ್ನು ಐತ ಬೆರಳು ತೋರಿಸಿ ಬೇಲಿಯ ಹೊರಗೆ ಕಳಿಸಿದ. ಇನ್ನೊಬ್ಬಳು ಹನ್ನೆರಡು ವರ್ಷದ ಶರ್ವಾಣಿ. ಅವಳನ್ನು ಎಲ್ಲಿಗೆ ಕಳಿಸುವುದೆಂದು ಅವನಿಗೆ ತಿಳಿಯಲಿಲ್ಲ. ಯಾಕೆಂದರೆ ಅವಳು ಹೇಳಿದ್ದೇ ಸರಿಯೋ ಏನೋ ಎಂಬ ಹುಳ ಅಷ್ಟರಲ್ಲಿ ಅವನ ತಲೆಯೊಳಗೆ ಹೊಕ್ಕಾಗಿತ್ತು.

"ಅಂಕಲ್, ಅದು ಸ್ಟ್ರೈಕ್. ಎರಡೂ ಸ್ಟ್ರೈಕ್," ಅಂದಿದ್ದಳು ಹುಡುಗಿ, ತಾನೆಸೆದ ಎರಡು ಬಾಲನ್ನು ಐತ ತಳ್ಳಿಹಾಕಿದಾಗ. ಅಳಲಿಲ್ಲ, ಕೂಗಲಿಲ್ಲ. ಟೋಪಿ ತೆಗೆದು ಬೆವರು ಒರೆಸಿಕೊಂಡು ಹೋದಳು. ಅತ್ತಿದ್ದರೆ ಐತ ಮರೆತುಬಿಡುತ್ತಿದ್ದ.

ಐತನ ಇಕಾಮಾದಲ್ಲಿ, ಅಂದರೆ ಈ ದೇಶದಲ್ಲಿರಲು ಕೊಟ್ಟ ಪರವಾನಗಿ ಚೀಟಿಯಲ್ಲಿ, ಉದ್ಯೋಗದ ಜಾಗದಲ್ಲಿ 'ಆಮಿಲ್' ಎಂದಿದೆ. ಆಮಿಲ್ ಅಂದರೆ ಕೂಲಿಯಾಳು. ಕರಾವಳಿಯ ಮುಡಿಪು ಎಂಬ ಊರಿನ ಕಡೆಯವನು, ನಾಲ್ಕನೇ ಕ್ಲಾಸಿಗೆ ಶಾಲೆಗೆ ಸಲಾಂ ಹೊಡೆದವನು. ಕಂಟ್ರಾಕ್ಟ್ ಕಂಪೆನಿಯೊಂದರ ಆಳಾಗಿ ಇಲ್ಲಿಗೆ ಬಂದು, ಮೈದಾನದ ಹುಲ್ಲಿಗೆ ನೀರು ಬಿಡುವುದು, ಸುಣ್ಣದ ಗೆರೆ ಎಳೆಯುವುದು, ಬಿರುಗಾಳಿ ಬಂದು ಹೋದ ಮೇಲೆ ಮರಳು ಗುಡಿಸುವುದು, ಇದೇ ಕೆಲಸ. ಈಗ ಐವತ್ತೆರಡು ವಯಸ್ಸು. ಕೈಕೆಳಗೆ ಆರು ಜನ ಇದ್ದಾರೆ. ಆದರೆ ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜಿನ ನಂತರ ಅವನು ಆಮಿಲ್ ಅಲ್ಲ. ಅಂಪೈರ್.

ಕ್ರಿಕೆಟ್ಟಿನ ಅಂಪೈರು ಬಾಲು ಹಾಕುವವನ ಪಕ್ಕದಲ್ಲಿ ಕೈ ಕಟ್ಟಿ ಆರಾಮಾಗಿ ನಿಲ್ಲುತ್ತಾನೆ. ಬೇಸ್‌ಬಾಲಿನಲ್ಲಿ ಹಾಗಲ್ಲ. ಬ್ಯಾಟು ಹಿಡಿದವನ ಹಿಂದೆ ಕುಕ್ಕರುಗಾಲಲ್ಲಿ ಕೂತ ಕ್ಯಾಚರನ ಬೆನ್ನಿಗೆ ಅಂಟಿಕೊಂಡು ಬಾಲಿಗೆ ಎದೆ ಕೊಟ್ಟು ನಿಲ್ಲಬೇಕು. ಎಸೆದ ಬಾಲು ಬ್ಯಾಟು ಹಿಡಿದವನ ಮೊಣಕಾಲಿಗಿಂತ ಮೇಲೆ, ಎದೆಗಿಂತ ಕೆಳಗೆ, ಪ್ಲೇಟ್ ಎಂಬ ನೆಲದ ಬಿಳಿ ಹಲಗೆಯ ನೇರಕ್ಕೆ ಹೋದರೆ ಸ್ಟ್ರೈಕ್. ಅದರ ಆಚೆ ಈಚೆ ಹೋದರೆ ಬಾಲ್. ಮೂರು ಸ್ಟ್ರೈಕಿಗೆ ಔಟು, ನಾಲ್ಕು ಬಾಲಿಗೆ ಎದುರಾಳಿ ರನ್ನಿನ ದಾರಿಯಲ್ಲಿ ಪುಕ್ಕಟೆ ಒಂದು ಬೇಸು, ಅಂದರೆ ಒಂದು ಠಾಣೆ, ಮುಂದೆ ನಡೆಯುತ್ತಾನೆ. ಇದನ್ನು ಹೇಳುವವನು ಒಬ್ಬನೇ, ಹೇಳಿದ ಮೇಲೆ ಮುಗಿಯಿತು. ಬ್ಯಾಟಿಗೆ ಸವರಿದ ಬಾಲು ಕ್ಯಾಚರನ ಕೈತಪ್ಪಿದರೆ ನೇರ ಅಂಪೈರನ ಎದೆಗೆ. ಅದಕ್ಕೇ ಎದೆಗೊಂದು ಕಾಪು ಬೇಕು.

ಐತನ ಎದೆಕಾಪು ಹಳೆಯ ಕಾಲದ್ದು. ಗಾಳಿ ತುಂಬಿದ ದೊಡ್ಡ ದಿಂಬಿನಂತಿತ್ತು. ಭುಜದ ಹತ್ತಿರ ಅಗಲ, ಕೆಳಗೆ ಹೋದಂತೆ ಸಪೂರ, ಹೊರಗೆ ಕಪ್ಪು ಕ್ಯಾನ್ವಾಸು, ಹಿಂದೆ ಕೈ ತೂರಿಸಲು ಎರಡು ಪಟ್ಟಿ. ಅಂಗಿಯ ಮೇಲೆ ಗಲ್ಲದವರೆಗೆ ಎತ್ತಿ ಹಿಡಿದುಕೊಂಡು ನಿಲ್ಲಬೇಕು. ಅದು ಹಾರ್ಲನ್ ಎಂಬ ಮುದುಕ ಅಂಪೈರನದಾಗಿತ್ತು. ಅವನಿಗೆ ಅವನ ಅಪ್ಪನಿಂದ ಬಂದದ್ದು.

ಒಂದು ಶುಕ್ರವಾರ ಆಟದ ನಡುವೆ ಹಾರ್ಲನ್‌ನ ಮೊಣಕಾಲು ತಿರುಚಿತು. ಬದಲಿಗೆ ಯಾರೂ ಇರಲಿಲ್ಲ. ನಾಲ್ಕು ವರ್ಷದಿಂದ ಗೆರೆಯ ಪಕ್ಕ ಸುಣ್ಣದ ಬಕೆಟು ಇಟ್ಟುಕೊಂಡು ಪ್ರತಿ ಬಾಲಿಗೂ ತನ್ನಷ್ಟಕ್ಕೆ "ಸ್ಟ್ರೈಕ್", "ಬಾಲ್" ಎಂದು ಗೊಣಗುತ್ತಿದ್ದ ಐತನನ್ನು ಮುದುಕ ಗಮನಿಸಿದ್ದ. ಕರೆದು ಎದೆಕಾಪು ಕೈಗೆ ಕೊಟ್ಟ. ಐತ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಮೇಲೆ ಅಗಲ, ಕೆಳಗೆ ಸಪೂರ, ಒಳಗೆ ಬಾಗು. ಅರೆ, ಇದು ನಮ್ಮ ಗೊರಬೆಯಲ್ಲವಾ ಅಂದುಕೊಂಡ. ನಾಟಿಯ ಗದ್ದೆಯಲ್ಲಿ ಹೆಂಗಸರು ಮಳೆಗೆ ಹೊದೆಯುವ, ಬಿದಿರು ಸಿಗಿದು ಎಲೆ ಹಾಸಿ ಹೆಣೆದ ಅದೇ ಗೊರಬೆ. ಅವನ ಅಮ್ಮ ಜಡಿಮಳೆಯ ಆಟಿ ತಿಂಗಳು ಪೂರ್ತಿ ಅದರಡಿಯಲ್ಲಿ ಇರುತ್ತಿದ್ದಳು. ಗೊರಬೆ ಎಲ್ಲಿ ಹಾಕುವುದೆಂದು ಐತನಿಗೆ ಯಾರಾದರೂ ಹೇಳಿಕೊಡಬೇಕೇ? ಬೆನ್ನಿಗೆ ಏರಿಸಿ, ಪಟ್ಟಿಗಳನ್ನು ಎದೆಯ ಮೇಲೆ ಬಿಗಿದು, ಜಂಬದಿಂದ ಹೋಗಿ ಕ್ಯಾಚರನ ಹಿಂದೆ ನಿಂತ.

ತಮಾಷೆ ಮಾಡುತ್ತಿದ್ದಾನೆಂದು ಎಲ್ಲರೂ ನಕ್ಕರು. ಎರಡನೇ ಬಾಲು ಕ್ಯಾಚರನ ಕೈತಪ್ಪಿ ಐತನ ಎದೆಯ ಗೂಡಿಗೇ ಬಡಿಯಿತು. ಅಲ್ಲೇ ಕೂತುಬಿಟ್ಟ. ಹಾರ್ಲನ್ ಕುಂಟುತ್ತ ಬಂದು ಮೆಲ್ಲಗೆ, "ಐತಾ, ಬಾಲು ಮುಂದಿನಿಂದ ಬರುತ್ತದೆ," ಅಂದ. "ಗೊತ್ತಾಯ್ತು," ಅಂದ ಐತ ಎದ್ದು ನಿಂತು. ಗೊರಬೆಯನ್ನು ಮುಂದಕ್ಕೆ ತಿರುಗಿಸಿಕೊಂಡು ಆಟ ಮುಗಿಸಿದ. ಒಂದು ವಾರ ಉಸಿರೆಳೆದರೆ ಪಕ್ಕೆ ಚುಳ್ಳೆನ್ನುತ್ತಿತ್ತು. ಆದರೆ ಮುಂದಿನ ಶುಕ್ರವಾರ ಹಾರ್ಲನ್ ಬೇರೆ ಯಾರನ್ನೂ ಕರೆಯಲಿಲ್ಲ. ಊರಿಗೆ ಮರಳುವಾಗ ಎದೆಕಾಪನ್ನು ಐತನಿಗೇ ಬಿಟ್ಟು ಹೋದ. ಅಂದಿನಿಂದ ಕ್ಯಾಂಪಿನ ಅಮೆರಿಕದವರೂ ಅದನ್ನು 'ಗೋರ್ಬಿ' ಎಂದೇ ಕರೆಯುತ್ತಾರೆ.

ಐತ ಅದನ್ನು ಹಿಡಿದು ನಿಲ್ಲುವುದನ್ನು ನೋಡಬೇಕು. ಕಂಬ ನೆಟ್ಟ ಹಾಗೆ. ಅಮ್ಮ ಗೊರಬೆ ಹೊತ್ತು ಬಗ್ಗಿದವಳು ಕೊನೆಗೆ ಬೆನ್ನು ನೆಟ್ಟಗಾಗದೆಯೇ ಹೋದಳು. ಅಪ್ಪ ಧಣಿಗಳ ಅಂಗಳದಾಚೆ ಮುಂಡಾಸು ಬಿಚ್ಚಿ ಬಗ್ಗಿ ನಿಂತವನು. ವಾರದ ಆರು ದಿನ ಐತನೂ ಪೈಪಿಗೆ, ಹುಲ್ಲಿಗೆ, ಸಾಹೇಬರ ಬೂಟಿನ ಗುರುತಿಗೆ ಬಗ್ಗುತ್ತಾನೆ. ಗೊರಬೆ ಹಿಡಿದ ಎರಡು ತಾಸು ಮಾತ್ರ ಇಲ್ಲ.

ಶರ್ವಾಣಿಯ ತಂಡ ಆ ಲೀಗ್ ಪಂದ್ಯ ಸೋತಿತ್ತು, ಆದರೆ ಫೈನಲಿಗೆ ಆಗಲೇ ಸೇರಿತ್ತು. ಸೋತ ಮೂರನೇ ದಿನ ಅಖಿಲೇಶ್ ಮೈದಾನಕ್ಕೆ ಬಂದರು. ಉಡುಪಿ ಕಡೆಯವರು, ಪ್ಲಾಂಟಿನಲ್ಲಿ ಸೇಫ್ಟಿ ಇಂಜಿನಿಯರು, ಈ ವರ್ಷ ಆಟದ ಕಮಿಟಿಗೆ ಕಾರ್ಯದರ್ಶಿ, ಮತ್ತು ಶರ್ವಾಣಿಯ ಅಪ್ಪ. ಕೈಯಲ್ಲೊಂದು ಪೆಟ್ಟಿಗೆ ಮತ್ತು ಒಂದು ಕಾಗದ.

"ಐತಣ್ಣ, ಬೇಜಾರು ಮಾಡ್ಬೇಡಿ. ಕಮಿಟಿಯದ್ದು ಹೊಸ ರೂಲ್," ಅಂದರು.

ಪೆಟ್ಟಿಗೆಯಲ್ಲಿದ್ದದ್ದು ಹೊಸ ನಮೂನೆಯ ಎದೆಕಾಪು. ಆಮೆಯ ಚಿಪ್ಪು ತುಂಡು ಮಾಡಿ ಜೋಡಿಸಿದಂತೆ ಗಟ್ಟಿ ಪ್ಲಾಸ್ಟಿಕ್, ಅಡಿಯಲ್ಲಿ ತೆಳ್ಳಗೆ ಸ್ಪಂಜು. ಅಂಗಿಯೊಳಗೆ ಬಿಗಿದುಕೊಂಡರೆ ಇದೆಯೆಂದೇ ಗೊತ್ತಾಗುವುದಿಲ್ಲ. ಎರಡೂ ಕೈ ಖಾಲಿ. ಕ್ಯಾಚರನ ಕಿವಿಯ ಮಟ್ಟಕ್ಕೆ ಬಗ್ಗಿ, ಅವನಿಗೂ ಬ್ಯಾಟು ಹಿಡಿದವನಿಗೂ ನಡುವಿನ ಸಂದಿಯಲ್ಲಿ ತಲೆಯಿಟ್ಟು ನೋಡಬಹುದು. ಲೋಕವೆಲ್ಲ ಬದಲಾಗಿ ಇದನ್ನೇ ತೊಡಲು ಶುರುಮಾಡಿ ಎಷ್ಟೋ ವರ್ಷ ಆಗಿದೆಯೆಂದು ಅಖಿಲೇಶ್ ಹೇಳಿದರು.

"ಲೋಕ ಬದಲಾಗ್ಲಿ. ನನ್ನ ಗೊರಬೆಗೆ ಎಂತ ಆಗಿದೆ?"

"ರಬ್ಬರು ಕೊಳೆತಿದೆ ಐತಣ್ಣ. ಐವತ್ತು ವರ್ಷದ್ದು ಅದು. ಒಂದು ದಿನ ಒಡೆದ್ರೆ ನಿಮ್ಮ ಎದೆಗೂಡು ಹೋಯ್ತು. ನಾನು ಸೇಫ್ಟಿಯವ. ನೋಡಿಯೂ ಸುಮ್ನೆ ಇರ್ಲಿಕ್ಕೆ ಆಗುದಿಲ್ಲ. ಮತ್ತೆ..." ಅಖಿಲೇಶ್ ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಿಸಿದರು. "ನೀವು ನೆಟ್ಟಗೆ ನಿಂತ್ರೆ ಕೆಳಗಿನ ಬಾಲು ನಿಮಗೆ ಕಾಣುದಿಲ್ಲ. ಕ್ಯಾಚರನ ತಲೆ ಅಡ್ಡ ಬರ್ತದೆ."

ಐತನ ಮೂಗಿನ ಹೊಳ್ಳೆ ಅರಳಿತು. "ಹಾಗೆ ಹೇಳಿ ಸಾರ್. ಮಗಳು ಸೋತಳು, ಅಪ್ಪ ರೂಲ್ ತಂದ್ರು."

ಅಖಿಲೇಶರ ಮುಖ ಸಣ್ಣದಾಯಿತು. "ನೀವು ಹಾಗೆ ತಿಳ್ಕೊಂಡ್ರೆ ಏನು ಮಾಡ್ಲಿ. ಮುಂದಿನ ಶುಕ್ರವಾರ ಫೈನಲ್. ಇದು ಹಾಕಿದ್ರೆ ಪ್ಲೇಟಿನ ಹಿಂದೆ ನೀವೇ. ಹಾಕದಿದ್ರೆ ಬೇರೆಯವ್ರನ್ನ ನೋಡ್ಬೇಕಾಗ್ತದೆ."

ಐತ ಕಾಗದ ತೆಗೆದುಕೊಂಡು ಇಂಗ್ಲಿಷ್ ಅಕ್ಷರ ಒಂದೊಂದನ್ನೇ ಬೆರಳಲ್ಲಿ ಒತ್ತಿ ಓದಿದ. ಒಂದೇ ಸಾಲು. ಅಂಪೈರುಗಳು ಇನ್ನು ಮುಂದೆ ಇನ್‌ಸೈಡ್ ಪ್ರೊಟೆಕ್ಟರನ್ನೇ ಧರಿಸಬೇಕು.

"ಇನ್‌ಸೈಡ್ ಅಂದ್ರೆ ಎಂತ?"

"ಅಂಗಿಯ ಒಳಗೆ."

"ಅಷ್ಟೇಯಾ?"

"ಅಷ್ಟೇ," ಅಂದರು ಅಖಿಲೇಶ್.

ಪೆಟ್ಟಿಗೆಯನ್ನು ಐತ ಮುಟ್ಟಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ.

ಅಬ್ಕೈಕ್ ಪೇಟೆಯಲ್ಲಿ ಅಬ್ದುಲ್ ಸಲಾಮನದು ತೋಬ್ ಹೊಲಿಯುವ ಅಂಗಡಿ. ಉಪ್ಪಿನಂಗಡಿಯವನು, ಐತನ ವಾರಿಗೆಯವನು. ಅರಬರ ಉದ್ದನೆ ಬಿಳಿ ತೋಬ್‌ಗಳ ನಡುವೆ ಕೂತು ಇಡೀ ಪೇಟೆಯ ಹೊಟ್ಟೆಯ ಸುತ್ತಳತೆ ಬಾಯಿಪಾಠ ಮಾಡಿಕೊಂಡವನು. ಗೊರಬೆಯ ಹೊಲಿಗೆ ಬಿಚ್ಚಿದಾಗಲೆಲ್ಲ ರಿಪೇರಿ ಅವನದೇ.

"ಬಂದ್ರು ಅಂಪೈರ್ ಸಾಹೇಬ್ರು. ಮುಖ ನೋಡಿದ್ರೆ ಯಾರನ್ನೋ ಔಟ್ ಮಾಡಿ ಬಂದ ಹಾಗುಂಟು."

"ನನ್ನನ್ನೇ ಔಟ್ ಮಾಡ್ಲಿಕ್ಕೆ ನೋಡ್ತಿದ್ದಾರೆ," ಎಂದ ಐತ ನಡೆದದ್ದನ್ನೆಲ್ಲ ಹೇಳಿದ. ಹೇಳುತ್ತ ಹೇಳುತ್ತ ಕೋಪ ಏರಿ, ಇಸ್ತ್ರಿ ಮಾಡಿಟ್ಟ ತೋಬ್ ಮೇಲೆ ಕೈ ಗುದ್ದಿದ.

ಸಲಾಂ ತೋಬನ್ನು ಮೆಲ್ಲಗೆ ಆಚೆ ಸರಿಸಿದ. "ಕೆಳಗಿನ ಬಾಲು ನಿನಗೆ ಕಾಣ್ತದಾ ಇಲ್ಲವಾ? ಅದು ಹೇಳು ಮೊದ್ಲು."

"ಕಾಣ್ತದೆ."

"ನಿಜವಾಗಿ?"

"ಕಾಣದೆ ಇಪ್ಪತ್ತೆರಡು ವರ್ಷ ನಾನು ಎಂತ ಮಣ್ಣು ಹೊತ್ತೆನಾ?"

"ಹಾಗಾದ್ರೆ ನೋಡಿಯೇ ಬಿಡುವಾ ಮಾರಾಯ. ನನಗೆ ಬಾಯಿಮಾತಿನ ಅಳತೆ ಆಗುದಿಲ್ಲ. ಟೇಪು ಹಿಡೀಬೇಕು."

ಮರುದಿನ ಮಧ್ಯಾಹ್ನ ಅಂಗಡಿಗಳೆಲ್ಲ ಬಾಗಿಲು ಹಾಕಿದ ಹೊತ್ತಿನಲ್ಲಿ, ಅಂಗಡಿಯ ಹಿಂದಿನ ಓಣಿಯಲ್ಲಿ ಎರಡು ಕುರ್ಚಿ ಇಟ್ಟು, ಮೊಣಕಾಲ ಎತ್ತರಕ್ಕೆ ಸಲಾಂ ಕೆಂಪು ನೂಲು ಎಳೆದು ಕಟ್ಟಿದ. ಕ್ಯಾಚರನ ಜಾಗದಲ್ಲಿ ನೀರಿನ ಡ್ರಮ್ಮು. ನೂಲಿನ ನೇರಕ್ಕೆ ಪಕ್ಕದಲ್ಲಿ ಸ್ಟೂಲಿನ ಮೇಲೆ ಮೊಬೈಲು, ವಿಡಿಯೋ ಹಿಡಿಯಲು. ಐತ ಗೊರಬೆ ಎತ್ತಿ ನೆಟ್ಟಗೆ ನಿಂತ. ಸಲಾಂ ಬಾಲು ಎಸೆದ. ಐತ ಕೂಗಿದ. ಇಪ್ಪತ್ತು ಬಾಲು ಆದ ಮೇಲೆ ಇಬ್ಬರೂ ನೆರಳಿಗೆ ಕೂತು ಮೊಬೈಲು ನೋಡಿದರು.

ಮೇಲಿನ ಬಾಲು ಒಂದೂ ತಪ್ಪಿರಲಿಲ್ಲ. ಎದೆಯ ಮಟ್ಟದ್ದು, ಭುಜದ ಮಟ್ಟದ್ದು, ಎಲ್ಲ ಕೂದಲೆಳೆಯಷ್ಟು ಸರಿ. ನೂಲಿನ ಹತ್ತಿರ ಬಂದದ್ದು ಒಂಬತ್ತು. ಅದರಲ್ಲಿ ಐದು ತಪ್ಪು.

ಸಲಾಂ ಮೊಬೈಲಿನ ಗಾಜನ್ನು ಅಂಗಿಗೆ ಒರೆಸಿ ಮತ್ತೆ ಸ್ಟೂಲಿನ ಮೇಲೆ ಇಟ್ಟ.

"ಇನ್ನೊಮ್ಮೆ ಎಸೆ," ಅಂದ ಐತ. ಗೊರಬೆಯನ್ನು ಗೋಡೆಗೆ ಒರಗಿಸಿ, ಡ್ರಮ್ಮಿನ ಪಕ್ಕಕ್ಕೆ ಸರಿದು, ಮೊಣಕಾಲು ಮಡಚಿ ತಲೆ ತಗ್ಗಿಸಿದ. ಈ ಸಲ ನೂಲಿನ ಹತ್ತಿರ ಬಂದದ್ದು ಎಂಟು. ತಪ್ಪು ಒಂದು.

ಐತ ಎದ್ದು ನೂಲನ್ನು ಎಳೆದು ಕಿತ್ತ. ಕುರ್ಚಿಗೊಂದು ಒದೆ ಕೊಟ್ಟ. ಕುರ್ಚಿ ಓಣಿಯ ತುದಿಯವರೆಗೆ ಹೋಗಿ ಮಗುಚಿತು.

"ಕುರ್ಚಿ ನನ್ನದು," ಅಂದ ಸಲಾಂ.

"ಹುಡುಗಿ ಹೇಳಿದ್ದು ಸರಿ," ಅಂದ ಐತ. ಓಣಿಯ ತುದಿಗೆ ಹೋಗಿ ಕುರ್ಚಿಯನ್ನು ಎತ್ತಿ ನಿಲ್ಲಿಸಿದ. "ಎರಡೂ ಸ್ಟ್ರೈಕ್ ಆಗಿರ್ಬೇಕು. ನಾನು ನುಂಗಿದ್ದು."

"ಹಾಗಾದ್ರೆ ಆ ಪ್ಲಾಸ್ಟಿಕ್ಕಿನದ್ದು ಹಾಕು. ಮುಗೀತಲ್ಲ."

"ಯಾಕೆ ಹಾಕ್ಬೇಕು?" ಐತ ತಿರುಗಿ ನಿಂತ. "ಬಗ್ಗದೆ ಇದ್ದದ್ದು ನಾನು. ಗೊರಬೆ ಎಂತ ತಪ್ಪು ಮಾಡಿದೆ? ನನಗೆ ತಪ್ಪು ತೋರಿಸು, ಒಪ್ತೇನೆ. ಕಾಗದ ತೋರಿಸಿ ಬಗ್ಗು ಅಂದ್ರೆ ಬಗ್ಗುವುದಿಲ್ಲ. ನೋಡ್ಲಿಕ್ಕೆ ನಾನೇ ಬಗ್ಗುದು ಬೇರೆ, ಅವ್ರು ಬಗ್ಗಿಸುದು ಬೇರೆ."

"ಕಾಗದದಲ್ಲಿ ಬಗ್ಗು ಅಂತ ಬರ್ದಿದ್ದಾರಾ?"

ಐತ ಜೇಬಿನಿಂದ ಕಾಗದ ತೆಗೆದ. ಬೆವರಿಗೆ ಮೆತ್ತಗಾಗಿತ್ತು. ಮತ್ತೊಮ್ಮೆ ಬೆರಳಿಟ್ಟು ಓದಿದ. ಬಗ್ಗು ಎಂದಿರಲಿಲ್ಲ. ಪ್ಲಾಸ್ಟಿಕ್ ಎಂದಿರಲಿಲ್ಲ. ಹೊಸತು ಎಂದೂ ಇರಲಿಲ್ಲ. ಅವನ ಬೆರಳು ಒಂದೇ ಮಾತಿನ ಮೇಲೆ ನಿಂತಿತು.

"ಇನ್‌ಸೈಡ್," ಅಂದ ಐತ. "ಅಂಗಿಯ ಒಳಗೆ. ಅಷ್ಟೇ ಅಂತ ಅವ್ರೇ ಬಾಯಿಬಿಟ್ಟು ಹೇಳಿದ್ದಾರೆ." ಗೋಡೆಗೆ ಒರಗಿದ್ದ ಗೊರಬೆಯನ್ನು ನೋಡಿದ. ಆಮೇಲೆ ಸಲಾಮನ ಕೊರಳಲ್ಲಿ ನೇತಾಡುತ್ತಿದ್ದ ಅಳತೆಯ ಟೇಪನ್ನು ನೋಡಿದ. "ಇದು ಹಿಡಿಯುವಷ್ಟು ದೊಡ್ಡ ಅಂಗಿ ಹೊಲಿಯಲಿಕ್ಕೆ ನಿನ್ನಿಂದ ಆಗ್ತದಾ?"

ಸಲಾಂ ಅವನನ್ನೇ ದಿಟ್ಟಿಸಿದ. ಮತ್ತೆ ನಗಲು ಶುರುಮಾಡಿದವನು ನೀರಿನ ಡ್ರಮ್ಮು ಹಿಡಿದುಕೊಳ್ಳಬೇಕಾಯಿತು.

ಕೆಲಸಕ್ಕೆ ಕೂತ ಮೇಲೆ ನಗು ಇರಲಿಲ್ಲ. ಗೊರಬೆಯ ಹೊಲಿಗೆ ಬಿಚ್ಚಿ ಒಳಗಿನ ರಬ್ಬರ್ ಚೀಲ ಹೊರಗೆಳೆದರು. ಮಡಿಕೆಯಲ್ಲೆಲ್ಲ ಬಿರುಕು. ಉಗುರು ತಾಗಿದರೆ ಹಪ್ಪಳದಂತೆ ಪುಡಿಯಾಗುತ್ತಿತ್ತು. ಇಂಜಿನಿಯರು ಅದನ್ನೂ ಸರಿಯಾಗಿಯೇ ಹೇಳಿದ್ದರು. ಐತ ಹಲ್ಲು ಕಚ್ಚಿಕೊಂಡು ರಬ್ಬರನ್ನು ಕಸದ ಬುಟ್ಟಿಗೆ ಹಾಕಿದ. ಅದರ ಜಾಗಕ್ಕೆ ಸೋಫಾ ಹೊಲಿಯುವವನ ಅಂಗಡಿಯಿಂದ ತಂದ ಗಟ್ಟಿ ಫೋಮನ್ನು ಮೂರು ಪದರ ಮಾಡಿ ತುಂಬಿದರು. ಕೈಪಟ್ಟಿ ಕಿತ್ತು ಕುತ್ತಿಗೆಗೂ ಸೊಂಟಕ್ಕೂ ಪಟ್ಟಿ ಹೊಲಿದರು. ಆಮೇಲೆ ಐತ ಗೊರಬೆ ತೊಟ್ಟು ಕೈ ಅಗಲಿಸಿ ನಿಂತ. ಸಲಾಂ ಟೇಪು ಹಿಡಿದು ಸುತ್ತ ನಡೆದ.

"ಕುತ್ತಿಗೆ ಹದಿನಾರು. ಎದೆ ಅರುವತ್ತೆಂಟು. ಪೇಟೆಯಲ್ಲಿ ಒಬ್ಬ ಡೊಳ್ಳುಹೊಟ್ಟೆಯ ಮ್ಯಾನೇಜರ್ ಇದ್ದಾನೆ, ಅವನದ್ದೂ ಐವತ್ತೆಂಟಕ್ಕೆ ನಿಂತಿದೆ. ಅಲ್ಲ ಐತಾ, ನಿನಗೆ ಎಷ್ಟನೇ ತಿಂಗಳು?"

"ಬಾಯಿ ಮುಚ್ಚಿ ಹೊಲಿ."

"ನಳಿನಾಕ್ಷಿಯಕ್ಕನಿಗೆ ಫೋನ್ ಮಾಡಿ ತಿಳಿಸಿದ್ದೀಯಾ? ಸೀಮಂತಕ್ಕೆ ನಾನೂ ಬರ್ತೇನೆ."

ಹೆಂಡತಿಗೆ ಐತ ಫೋನು ಮಾಡಿದ್ದು ಅಂಗಿ ಪೂರ್ತಿಯಾದ ಮೇಲೆ. ಎಲ್ಲ ಕೇಳಿಸಿಕೊಂಡ ನಳಿನಾಕ್ಷಿ ಹೇಳಿದ್ದು ಒಂದೇ ಮಾತು: "ಜನ ನಗಾಡ್ತಾರೆ." "ಗೊರಬೆಯನ್ನು ಬೆನ್ನಿಗೆ ಕಟ್ಟಿದ ದಿನವೂ ನಗಾಡಿದ್ದಾರೆ," ಅಂದ ಐತ. "ಆಮೇಲೆ ನಾನು ಹೇಳಿದ್ದು ಕೇಳಿದ್ದಾರೆ."

ಜನ ನಕ್ಕರು. ಶುಕ್ರವಾರ ಅಸರ್ ಮುಗಿದು ಬೇಲಿಯ ಸುತ್ತ ಕುರ್ಚಿ ತುಂಬಿದ ಮೇಲೆ ಐತ ನೀಲಿ ಅಂಗಿಯಲ್ಲಿ ಮೈದಾನಕ್ಕಿಳಿದಾಗ, ಮೊದಲು ಮಕ್ಕಳು, ಆಮೇಲೆ ಅಮ್ಮಂದಿರು, ಕೊನೆಗೆ ಎದುರು ತಂಡದ ಕೋಚು ಕೂಡ ಹೊಟ್ಟೆ ಹಿಡಿದುಕೊಂಡು ನಕ್ಕ. ಹದಿನೆಂಟು ಗುಂಡಿಯ ಅಂಗಿ ಅದು. ಕೆಳಗೆ ಸಪೂರ ಎರಡು ಕಾಲು, ಮೇಲೆ ಸಣ್ಣದೊಂದು ತಲೆ, ನಡುವೆ ಹಡಗಿನ ಹಾಯಿ. ಐತ ಯಾರನ್ನೂ ನೋಡಲಿಲ್ಲ. ಬ್ರಷ್ ತೆಗೆದು ನೆಲದ ಬಿಳಿ ಹಲಗೆಯ ಮೇಲಿನ ಮರಳು ಗುಡಿಸಿದ.

ಅಖಿಲೇಶ್ ಬಿರುಸಾಗಿ ಬಂದರು. "ಎಂತ ಇದು ಐತಣ್ಣ?"

"ಇನ್‌ಸೈಡ್," ಅಂದ ಐತ.

"ತಮಾಷೆ ಬೇಡ."

"ನಾನೆಲ್ಲಿ ತಮಾಷೆ ಮಾಡಿದೆ? ನಗಾಡುದು ಅವ್ರು." ಕಾಗದ ಬಿಡಿಸಿ ಅವರ ಮುಂದೆ ಹಿಡಿದ. "ಅಂಗಿಯ ಒಳಗೆ ಅಂತ ಉಂಟು. ಒಳಗುಂಟು. ಗುಂಡಿ ಬೇಕಾದ್ರೆ ಎಣಿಸಿ. ಹೊಸದೇ ಹಾಕ್ಬೇಕು ಅಂತ ಎಲ್ಲಿ ಉಂಟು ತೋರ್ಸಿ. ನಾನು ನಾಲ್ಕನೇ ಕ್ಲಾಸು. ನಿಮ್ಮಷ್ಟು ಓದಿದವ ಅಲ್ಲ. ಇದ್ದದ್ದನ್ನು ಓದಿದ್ದೇನೆ. ಇಲ್ಲದ್ದನ್ನು ಓದ್ಲಿಕ್ಕೆ ನನಗೆ ಬರುದಿಲ್ಲ."

ಅಖಿಲೇಶ್ ಕಾಗದ ನೋಡಿದರು. ಅವರೇ ಬರೆದದ್ದು. ಅಂಗಿಯ ಮೇಲಿಂದ ಹೆಬ್ಬೆರಳಲ್ಲಿ ಒತ್ತಿದರು. ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಒತ್ತಿದರು. "ರಬ್ಬರು?"

"ಕೊಳೆತಿತ್ತು. ಬಿಸಾಡಿದೆ. ಅದು ನೀವು ಸರಿ ಹೇಳಿದ್ದು."

ಅಖಿಲೇಶ್ ಕಾಗದ ಮಡಚಿ ಅವನ ಕೈಗೆ ಕೊಟ್ಟರು. "ಕೆಳಗಿನ ಬಾಲು?"

"ಕಾಣದಿದ್ರೆ ನಾನೇ ಬೇಲಿಯ ಹೊರಗೆ ಹೋಗ್ತೇನೆ. ನೀವು ಕಳಿಸುದು ಬೇಡ. ಯಲ್ಲಾ, ನಡೀರಿ, ಸೂರ್ಯ ಇಳೀತಾ ಉಂಟು."

ಆಟ ಶುರುವಾಯಿತು. ಮೂರನೇ ಸರದಿಯಲ್ಲಿ ಶರ್ವಾಣಿ ಆವತ್ತು ಐತ ನುಂಗಿದಂಥದ್ದೇ ಬಾಲು ಎಸೆದಳು. ನೇರ ಬರುತ್ತಿದ್ದಂತೆ ಕಂಡು ಕೊನೆಯಲ್ಲಿ ಮೊಣಕಾಲಿಗೆ ಕುಸಿಯುವ ಬಾಲು. ಐತ ಕ್ಯಾಚರನ ಪಕ್ಕಕ್ಕೆ ಸರಿದು, ಕಾಲು ಅಗಲಿಸಿ, ಮೊಣಕಾಲು ಮಡಚಿದ. ಅರುವತ್ತೆಂಟು ಇಂಚಿನ ಅಂಗಿ ನೆಲಕ್ಕೆ ತಾಗಿತು. ಎರಡು ಕೈಯೂ ಖಾಲಿ. ಅವನ್ನು ಮೊಣಕಾಲಿನ ಮೇಲೆ ಊರಿದ. ಹೀಗೊಂದು ಆರಾಮ ಇದೆಯೆಂದು ಇಪ್ಪತ್ತೆರಡು ವರ್ಷದಲ್ಲಿ ಅವನಿಗೆ ಗೊತ್ತಿರಲಿಲ್ಲ. ಬಾಲಿನ ಹೊಲಿಗೆಯ ಕೆಂಪು ನೂಲೂ ಅವನಿಗೆ ಕಂಡಿತು.

"ಸ್ಟ್ರೈಕ್," ಎಂದು ನೆಟ್ಟಗೆ ಎದ್ದು ನಿಂತು ಕೂಗಿದ. ಕೂಗು ಪಾರ್ಕಿಂಗಿನವರೆಗೆ ಕೇಳಿಸಿತು. ಅಲ್ಲಿಂದಾಚೆಗೆ ನಗು ಕಡಿಮೆಯಾಯಿತು. ಐದನೇ ಸರದಿಯಲ್ಲಿ ಬ್ಯಾಟಿಗೆ ಸವರಿದ ಬಾಲೊಂದು ಬಂದು ಅಂಗಿಯ ನಡುಮಧ್ಯಕ್ಕೆ ಧಬ್ಬೆಂದು ಬಡಿಯಿತು. ಐತ ಕದಲಲಿಲ್ಲ. ಕೈ ಚಾಚಿ ಬೇರೆ ಬಾಲು ಕೇಳಿದ. ಬೇಲಿಯಾಚೆ ಸಲಾಂ ಪಕ್ಕದವನಿಗೆ, "ಹೊಲಿಗೆ ನನ್ನದು," ಎಂದು ತಿಳಿಸಿದ.

ಕೊನೆಯ ಸರದಿ. ಎರಡೂ ತಂಡ ಸಮ. ಎಸೆಯುವವಳು ಶರ್ವಾಣಿ. ಎದುರಾಳಿಯ ಇಬ್ಬರು ಔಟಾಗಿದ್ದಾರೆ. ಆದರೆ ಮೂರು ಬೇಸಿನಲ್ಲೂ ಅವರ ಹುಡುಗರು ನಿಂತಿದ್ದಾರೆ. ಬ್ಯಾಟು ಹಿಡಿದವನಿಗೆ ಎರಡು ಸ್ಟ್ರೈಕ್, ಮೂರು ಬಾಲ್. ಇನ್ನೊಂದು ಸ್ಟ್ರೈಕಾದರೆ ಶರ್ವಾಣಿಯ ತಂಡ ಉಳಿಯಿತು. ಬಾಲಾದರೆ ಎಲ್ಲರೂ ಒಂದೊಂದು ಬೇಸು ಮುಂದೆ ನಡೆದು, ಗೆಲ್ಲುವ ರನ್ನು ತಾನಾಗಿ ಒಳಗೆ ಬರುತ್ತದೆ. ಬೇಲಿಯ ಹತ್ತಿರ ಅಖಿಲೇಶ್ ತಂತಿಗೆ ಬೆರಳು ಸಿಕ್ಕಿಸಿ ನಿಂತಿದ್ದರು. ಐತ ಅತ್ತ ನೋಡಲಿಲ್ಲ.

ಹುಡುಗಿ ಅದೇ ಬಾಲನ್ನು ಎಸೆದಳು. ಐತ ಬಗ್ಗಿದ. ಬಾಲು ಕುಸಿಯಿತು. ಬ್ಯಾಟಿನವನು ಬೀಸಲಿಲ್ಲ. ಮೊಣಕಾಲಿಗಿಂತ ಎರಡು ಬೆರಳು ಕೆಳಗೆ ಅದು ಹಾದುಹೋದದ್ದನ್ನು ಐತ ಕಂಡ. ಹಿಂದಿನಂತೆ ನೆಟ್ಟಗೆ ನಿಂತಿದ್ದರೆ ಕಾಣುತ್ತಿರಲಿಲ್ಲ. ಕಾಣಲಿಲ್ಲವೆಂದುಕೊಂಡು ಏನನ್ನು ಬೇಕಾದರೂ ಕೂಗಬಹುದಿತ್ತು. ಈಗ ಕಂಡಿತ್ತು.

"ಬಾಲ್," ಅಂದ.

ಎದುರು ತಂಡ ಕುಣಿಯುತ್ತ ಒಳಗೆ ಓಡಿಬಂತು. ಶರ್ವಾಣಿ ಅವರು ಹಾದುಹೋಗುವವರೆಗೆ ಕಾದು ಐತನ ಎದುರಿಗೆ ಬಂದು ನಿಂತಳು. ಗಲ್ಲದ ಮೇಲೆ ಮರಳು ಮೆತ್ತಿತ್ತು.

"ಎಷ್ಟು ಕೆಳಗೆ ಇತ್ತು ಅಂಕಲ್?"

"ಎರಡು ಬೆರಳು."

"ತ್ರೀ," ಅಂದಳು. "ಕೈಯಿಂದ ಬಿಡುವಾಗಲೇ ಗೊತ್ತಾಯ್ತು ನಂಗೆ."

ಐತ ಮುಖದ ಜಾಲರಿಯನ್ನು ತಲೆಯ ಮೇಲಕ್ಕೆ ಏರಿಸಿದ. "ಮಗೂ, ಆವತ್ತಿನದ್ದು ಎರಡೂ ಸ್ಟ್ರೈಕ್. ನಾನು ನೋಡಿರ್ಲಿಲ್ಲ."

ಅವಳು ತಲೆಯಾಡಿಸಿದಳು. ಅವನ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದಳು. ಹೋಗುವ ಮೊದಲು ಮುಷ್ಟಿ ಕಟ್ಟಿ ಹೊಟ್ಟೆಯ ಜಾಗಕ್ಕೆ ಒಂದು ಗುದ್ದು ಗುದ್ದಿ ಪರೀಕ್ಷೆ ಮಾಡಿದಳು.

ಅಖಿಲೇಶ್ ಅವಳ ಬೆನ್ನಿಗೇ ಬಂದರು. ಬಗಲಲ್ಲಿ ಆ ಪೆಟ್ಟಿಗೆ ಇತ್ತು, ಒಳಗಿನ ಎದೆಕಾಪು ಯಾರೂ ತೊಡದೆ ಹಾಗೇ ಉಳಿದಿತ್ತು. ಐತ ಸುಣ್ಣದ ಬಕೆಟು ಎತ್ತಿಕೊಂಡ. ಆಟ ಮುಗಿದಿತ್ತು, ಅಳಿಸಿಹೋದ ಗೆರೆ ಮತ್ತೆ ಎಳೆಯುವುದಿತ್ತು.

"ಮುಂದಿನ ವರ್ಷ," ಅಂದರು ಅಖಿಲೇಶ್, "ನೋಟೀಸು ನಾನು ಸರಿಯಾಗಿ ಬರೀತೇನೆ ಐತಣ್ಣ."

"ಬರೀರಿ ಸಾರ್," ಅಂದ ಐತ. "ನಾನೂ ಸರಿಯಾಗಿ ಓದ್ತೇನೆ."